ನೀರು ಸುಮ್ಮನೆ ಕುದಿಯುತ್ತದೆ, ಹಾಲು ಮಾತ್ರ ಯಾಕೆ ಉಕ್ಕುತ್ತದೆ?
ಹಾಲಿನಲ್ಲಿರುವ ಪ್ರೋಟೀನು ಆವಿಯನ್ನು ಸಲೀಸಾಗಿ ಹೊರಗೆ ಬಿಡುವುದಿಲ್ಲ, ಅದಕ್ಕೇ.

ನೀರು ಕುದಿಯುವಾಗ ತಳದಿಂದ ಎದ್ದ ಗುಳ್ಳೆ ಮೇಲೆ ಬಂದ ಕೂಡಲೇ ಒಡೆದುಹೋಗುತ್ತದೆ. ಹಾಲು ಹಾಗಲ್ಲ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅದರ ಕೆಲವು ಪ್ರೋಟೀನ್‌ಗಳು ಸುರುಳಿ ಬಿಚ್ಚಿ ಒಂದಕ್ಕೊಂದು ಹೆಣೆದುಕೊಂಡು, ಕೊಬ್ಬಿನ ಜೊತೆ ಸೇರಿ ಮೇಲೆ ಕೆನೆ ಕಟ್ಟುತ್ತವೆ. ಒಳಗಿನ ಗುಳ್ಳೆಗಳಿಗೂ ಪ್ರೋಟೀನಿನ ತೆಳು ಪೊರೆ ಸುತ್ತಿಕೊಳ್ಳುವುದರಿಂದ ಅವು ಬೇಗ ಒಡೆಯುವುದಿಲ್ಲ. ಕುದಿ ಬಂದೊಡನೆ ಗುಳ್ಳೆಯ ಮೇಲೆ ಗುಳ್ಳೆ ಸೇರಿ, ನೊರೆಯು ಕೆನೆಯನ್ನೂ ಎತ್ತಿಕೊಂಡು ಮೇಲೇರುತ್ತದೆ. ಆಗ ಕಣ್ಣು ಆಚೆ ಹೋಯಿತೋ, ಹಾಲು ಒಲೆಯ ಪಾಲು!

ಸೌಟಿನಿಂದ ಕದಡುತ್ತಿದ್ದರೆ ಕೆನೆ ಹರಿದು ಆವಿಗೆ ದಾರಿಯಾಗುತ್ತದೆ. ಅಂದಹಾಗೆ, ಬರೀ ನೀರು ಉಕ್ಕದಿದ್ದರೂ ಅಕ್ಕಿ ಬೇಯುತ್ತಿರುವ ನೀರು ಉಕ್ಕುತ್ತದೆ. ಅಲ್ಲಿ ಗುಳ್ಳೆಗಳನ್ನು ಹಿಡಿದಿಡುವುದು ಅಕ್ಕಿ ಬಿಟ್ಟ ಪಿಷ್ಟ.