ಇಬ್ಬರದೂ ಬ್ಲೂಸ್ ರಾಕ್, ನಾದ ಮಾತ್ರ ಬೇರೆ

ಪ್ರಶ್ನೆ: ಎರಿಕ್ ಕ್ಲಾಪ್ಟನ್, ಸ್ಟೀವಿ ರೇ ವಾನ್ ಇಬ್ಬರ ಗಿಟಾರ್ ನಾದ ಇಷ್ಟು ಬೇರೆ ಏಕೆ? ವಾನ್ ರೀತಿ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಹೋದರೆ ನನಗೆ ಅಪಸ್ವರವೇ ಬರುತ್ತದೆ.

ಉತ್ತರ: 1966ರಲ್ಲಿ ಜಾನ್ ಮೇಯಲ್ ತಂಡದ ಆಲ್ಬಂನಲ್ಲಿ ಕ್ಲಾಪ್ಟನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್‌ಗೆ (ಧ್ವನಿವರ್ಧಕಕ್ಕೆ) ಸೇರಿಸಿ ಜೋರಾಗಿ ನುಡಿಸಿದರು. ಆ ದಪ್ಪ, ದೀರ್ಘ ನಾದ ರಾಕ್‌ನ ದಿಕ್ಕನ್ನೇ ಬದಲಿಸಿತು. ವಾನ್ ಹಿಡಿದದ್ದು ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ದಾರಿ. ಎಳೆತದಲ್ಲಿ ನಿಜವಾದ ಗುರು ಕಿಂಗ್ ಅವರೇ. ವಾನ್ 0.013 ಇಂಚಿನ ದಪ್ಪ ತಂತಿ ಹಾಕಿದರೂ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತಿದ್ದರು. ಅಷ್ಟು ದಪ್ಪ ತಂತಿಯಲ್ಲಿ ಶ್ರುತಿ ಇಳಿಸದಿದ್ದರೆ ಬಿಗಿತ ಹೆಚ್ಚಿ ಎಳೆತ ಗುರಿ ಮುಟ್ಟುವುದು ಕಷ್ಟ. ನಿಮಗೆ 0.010 ಇಂಚಿನ ತೆಳು ತಂತಿ ಸಾಕು. ಎರಡನೇ ತಂತಿಯ 10ನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಲೋಹದ ಅಡ್ಡಪಟ್ಟಿ) ನುಡಿಸಿ, ಆ ಸ್ವರ ಕಿವಿಯಲ್ಲಿರಲಿ. ಈಗ 8ನೇ ಫ್ರೆಟ್ಟನ್ನು ಉಂಗುರಬೆರಳಲ್ಲಿ ಒತ್ತಿ, ಹಿಂದೆ ಇನ್ನೆರಡು ಬೆರಳ ಆಸರೆ ಕೊಟ್ಟು, ಮಣಿಕಟ್ಟು ತಿರುಗಿಸಿ ಆ ಸ್ವರ ಬರುವಷ್ಟು ಎಳೆಯಿರಿ. ಒಂದೇ ಬೆರಳಿಂದ ತಳ್ಳಿದರೆ ಸ್ವರ ಸಾಮಾನ್ಯವಾಗಿ ಕೆಳಗೇ ಉಳಿಯುತ್ತದೆ.