ಕೇಳಿ, ಹೇಳ್ತೀವಿ: ಸಂದೀಪ್ ಬಗ್ಗೆ ಮಕ್ಕಳಿಗೆ ಏನು ಹೇಳೋದು?

ಪ್ರಶ್ನೆ: ನವೆಂಬರ್ 28ಕ್ಕೆ ನಮ್ಮ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬಗ್ಗೆ ಐದು ನಿಮಿಷ ಮಾತಾಡಬೇಕು. ವಾಟ್ಸಾಪ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಬರೆದುಕೊಂಡು ಬಂದಿದ್ದಾನೆ. ಪುಟದ ತುಂಬಾ ‘ಭಾರತಾಂಬೆಯ ವೀರಪುತ್ರ’. ಅವರು ಏನು ಮಾಡಿದರಪ್ಪಾ ಅಂದರೆ ಉತ್ತರ ಇಲ್ಲ. ಏನು ಹೇಳಿಸಲಿ?
– ಕನ್ನಡ ಶಿಕ್ಷಕಿ, ಮದ್ದೂರು ತಾಲ್ಲೂಕು

ಉತ್ತರ: ಮೇಡಂ, ಮೊದಲು ಆ ವೀರಪುತ್ರಗಳನ್ನೆಲ್ಲ ಹೊಡೆದು ಹಾಕಿಸಿ. ಆ ಹುಡುಗ ಹುಟ್ಟುವ ಮೊದಲೇ ನಡೆದ ವಿಷಯ ಇದು, ಕೇಳುವ ಮಕ್ಕಳಿಗೂ ಅಷ್ಟೇ, ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಿದರೇ ಐದು ನಿಮಿಷ ಸಾಲದು.

2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ಉಗ್ರರು ಸಮುದ್ರದ ದಾರಿಯಲ್ಲಿ ಮುಂಬೈಗೆ ಬಂದರು. ಆ ದಾಳಿಯಲ್ಲಿ 166 ಜನ ಸತ್ತರು. ತಾಜ್ ಹೋಟೆಲಿನಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು 27ರಂದು ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ದಳ) ಕಮಾಂಡೊಗಳು ಒಳಗೆ ಹೋದರು, ಅದರಲ್ಲಿ ಒಂದು ತಂಡಕ್ಕೆ ಸಂದೀಪ್ ನಾಯಕ. ಹುಟ್ಟಿದ್ದು ಕೇರಳದಲ್ಲಿ, ಬೆಳೆದು ಓದಿದ್ದು ಬೆಂಗಳೂರಿನಲ್ಲಿ. 1999ರಲ್ಲಿ ಬಿಹಾರ್ ರೆಜಿಮೆಂಟಿಗೆ ಸೇರಿ, ಆಮೇಲೆ ಎನ್‌ಎಸ್‌ಜಿಗೆ ಬಂದವರು. ತಾಜ್‌ನಲ್ಲಿ ಅವರು 14 ಒತ್ತೆಯಾಳುಗಳನ್ನು ಬಿಡಿಸಿದರು. ಅಷ್ಟರಲ್ಲಿ ತಂಡದ ಮೇಲೆ ಜೋರಾಗಿ ಗುಂಡು ಬಿತ್ತು, ಒಬ್ಬ ಕಮಾಂಡೊಗೆ ಗಂಭೀರ ಗಾಯ ಆಯಿತು. ಸಂದೀಪ್ ಉಗ್ರರ ಕಡೆ ಗುರಿಯಿಟ್ಟು ಗುಂಡು ಹಾರಿಸಿ, ಅವರು ತಲೆ ಎತ್ತದ ಹಾಗೆ ಮಾಡಿ, ಗಾಯಾಳುವನ್ನು ಹೊರಗೆ ಸಾಗಿಸಿದರು. ಅದೇ ಹೊತ್ತಿನಲ್ಲಿ ಅವರ ಬಲಗೈಗೂ ಗುಂಡು ತಗುಲಿತು. ಆದರೂ ನಿಲ್ಲಲಿಲ್ಲ, ಕೊನೆಯ ಉಸಿರಿನ ತನಕ ಹೋರಾಡಿದರು. ಆಗ ಅವರಿಗೆ 31 ವರ್ಷ. ಗಾಯಗೊಂಡಿದ್ದ ಆ ಕಮಾಂಡೊ ಬದುಕುಳಿದರು. ಇದನ್ನು ಹುಡುಗ ಮರೆಯದೆ ಹೇಳಬೇಕು, ನಮ್ಮ ಭಾಷಣಗಳಲ್ಲಿ ಯಾವಾಗಲೂ ಬಿಟ್ಟುಹೋಗುವುದು ಬದುಕಿದವನ ವಿಷಯವೇ.

ಕೊನೆಯ ಮಾತು ಅಂತ ಮೊಬೈಲಿನಲ್ಲಿ ಒಂದೊಂದು ಕಡೆ ಒಂದೊಂದು ಥರ ಓಡಾಡುತ್ತದಲ್ಲ, ಅದನ್ನು ಬಿಡಿಸಿ.

ನಿಮ್ಮ ತಾಲ್ಲೂಕಿನಲ್ಲೇ ಹಳೇ ಗುಡಿಗಳ ಪಕ್ಕ ವೀರಗಲ್ಲು ಇರುತ್ತವೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಸಾಮಾನ್ಯವಾಗಿ ಮೂರು ಅಂಕಣ: ಕೆಳಗೆ ಕಾಳಗ, ಮಧ್ಯೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಕೈಲಾಸ. ಶಿಲ್ಪಿ ಕೆಳಗಿನದನ್ನು ತಪ್ಪಿಸುತ್ತಿರಲಿಲ್ಲ, ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತ ಅಂದರೆ ದನಗಳನ್ನೂ ಕೆತ್ತುತ್ತಿದ್ದ. ನಾವೀಗ ಬರೀ ಕೈಲಾಸ ಕೆತ್ತುತ್ತಿದ್ದೇವೆ.

ಪ್ರಶ್ನೆ: ಒಬ್ಬರನ್ನು ಉಳಿಸಲು ಹೋಗಿ ಅಧಿಕಾರಿಯೇ ಸತ್ತರೆ ತಂಡಕ್ಕೆ ನಷ್ಟ ಅಲ್ವಾ? ನನಗೆ ಇದು ಆವೇಶ ಅನಿಸುತ್ತೆ. ಮಗಳು ಒಪ್ಪಲ್ಲ.
– ನಿವೃತ್ತ ಬ್ಯಾಂಕ್ ನೌಕರರು, ಕುವೆಂಪುನಗರ, ಮೈಸೂರು

ಉತ್ತರ: ನಾನು ನಿಮ್ಮ ಮಗಳ ಕಡೆ ಸಾರ್.

ಆವೇಶದಲ್ಲಿ ಓಡಿಹೋಗಿ ಎತ್ತಿಕೊಂಡು ಬರುವುದು ಸಿನಿಮಾದಲ್ಲಿ. ನಿಜವಾಗಿ ಅದು ಕಲಿಸಿದ ಕೆಲಸ. ಒಂದು ಕಡೆಯಿಂದ ಗುಂಡು ಹಾರಿಸಿ ಎದುರಿನವರನ್ನು ಕಟ್ಟಿಹಾಕಬೇಕು, ಆ ಸಂದಿನಲ್ಲಿ ಗಾಯಾಳುವನ್ನು ಎಳೆದು ತರಬೇಕು. ದೊಡ್ಡ ರಕ್ತನಾಳಕ್ಕೆ ಪೆಟ್ಟಾದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು, ಹಾಗಾಗಿ ಗುಂಡಿನ ಎದುರಿಂದ ಹೊರಗೆ ತಂದು ರಕ್ತ ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಇನ್ನು ನಷ್ಟದ ಲೆಕ್ಕ. ಬಿದ್ದರೆ ಬಿಟ್ಟು ಹೋಗ್ತಾರೆ ಅಂತ ಗೊತ್ತಿರುವ ತಂಡದಲ್ಲಿ ಮುಂದಿನ ಬಾಗಿಲಿಗೆ ಮೊದಲು ಹೆಜ್ಜೆ ಇಡುವವರು ಯಾರು? ಬ್ಯಾಂಕಿನ ಲೆಕ್ಕದಲ್ಲಿ ಇದು ಕಾಣುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಕಾರ್ಗಿಲ್‌ನಲ್ಲೂ ಹೀಗೇ ಆಗಿತ್ತು. ಪಾಯಿಂಟ್ 4875ರ ಕಾಳಗದಲ್ಲಿ ನಮ್ಮ ಹುಬ್ಬಳ್ಳಿ ಕಡೆಯ ಅಧಿಕಾರಿ ನವೀನ್ ನಾಗಪ್ಪ ಅವರ ಕಾಲಿಗೆ ಗ್ರೆನೇಡ್ ಸಿಡಿದು ಪೆಟ್ಟಾದಾಗ ಅವರನ್ನು ಎಳೆದು ತಂದವರು ಕ್ಯಾಪ್ಟನ್ ವಿಕ್ರಮ್ ಬಾತ್ರಾ. ಬಾತ್ರಾ 1999ರ ಜುಲೈ 7ರಂದು ಅದೇ ಬೆಟ್ಟದಲ್ಲಿ ತೀರಿಕೊಂಡರು, 24 ವರ್ಷ. ನವೀನ್ ಬದುಕಿ ಬಂದು ಆ ಕಥೆಯನ್ನು ಜನಕ್ಕೆ ಹೇಳಿದರು.

ಪ್ರಶ್ನೆ: ಬಾತ್ರಾಗೆ ಪರಮವೀರ ಚಕ್ರ, ಸಂದೀಪ್‌ಗೆ ಯಾಕಿಲ್ಲ?
– ಪಿಯು ವಿದ್ಯಾರ್ಥಿ, ಪಾಂಡವಪುರ

ಉತ್ತರ: ಕಮ್ಮಿ ಮಾಡಿದ್ದಲ್ಲ. ಯುದ್ಧದಲ್ಲಿ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ದೊಡ್ಡದು ಪರಮವೀರ ಚಕ್ರ. ಅದರ ಹೊರಗಿನ ಶೌರ್ಯಕ್ಕೆ ದೊಡ್ಡದು ಅಶೋಕ ಚಕ್ರ, ಅದನ್ನೇ 2009ರ ಗಣರಾಜ್ಯೋತ್ಸವಕ್ಕೆ ಸಂದೀಪ್‌ಗೆ ಕೊಟ್ಟರು. ಅದೇ ದಾಳಿಯಲ್ಲಿ ನಾರಿಮನ್ ಹೌಸ್‌ನಲ್ಲಿ ಮಡಿದ ಹವಾಲ್ದಾರ್ ಗಜೇಂದ್ರ ಸಿಂಗ್ ಬಿಷ್ಟ್ ಅವರಿಗೂ ಸಿಕ್ಕಿತು. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ.

ಪ್ರಶ್ನೆ: ನಮ್ಮೂರಿನ ಯೋಧನ ತಾಯಿಯನ್ನು ಪ್ರತಿ ವರ್ಷ ವೇದಿಕೆಗೆ ಕರೆದು ಸನ್ಮಾನ ಮಾಡುತ್ತೇವೆ. ಈ ಸಲ ಬರಲ್ಲ ಅಂದುಬಿಟ್ಟರು. ಸಂಘದವರಿಗೆ ಬೇಸರವಾಗಿದೆ. ಹೇಗೆ ಒಪ್ಪಿಸೋದು?
– ಯುವಕ ಸಂಘದ ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಉತ್ತರ: ಒಪ್ಪಿಸಬೇಡಿ. ಮೈಕಿನಲ್ಲಿ ಮಗನ ಸಾವನ್ನು ವರ್ಷಕ್ಕೊಂದು ಸಲ ಕೇಳುತ್ತಾ ಶಾಲು ಹೊದ್ದು ಕೂರುವುದು ಎಷ್ಟು ಕಷ್ಟ ಅಂತ ಯಾರಾದರೂ ಯೋಚಿಸಿದ್ದೀರಾ? ಪುಲ್ವಾಮಾದಲ್ಲಿ 2019ರ ಫೆಬ್ರವರಿ 14ರಂದು ಮಡಿದ ಗುಡಿಗೆರೆಯ ಯೋಧ ಗುರು ಅವರ ಅಂತ್ಯಕ್ರಿಯೆಗೆ ನಮ್ಮ ಜಿಲ್ಲೆಯೇ ಹರಿದು ಬಂದಿತ್ತು, ಪ್ರೀತಿಗೇನೂ ನಮ್ಮಲ್ಲಿ ಬರ ಇಲ್ಲ. ಆದರೆ ಆ ಅಮ್ಮನಿಗೆ ಬೇಕಾಗಿರೋದು ಬೇರೆ ಇರಬಹುದು. ಕಾರ್ಯಕ್ರಮದ ದಿನ ಬಿಟ್ಟು ಬೇರೆ ದಿನ ಇಬ್ಬರೇ ಹೋಗಿ, ಕ್ಯಾಮೆರಾ ಬೇಡ. ಪಿಂಚಣಿ ಸರಿಯಾಗಿ ಬರ್ತಿದೆಯಾ ಅಮ್ಮಾ, ಯಾವುದಾದರೂ ಕಾಗದ ನಿಂತಿದೆಯಾ ಅಂತ ಕೇಳಿ. ನಿಂತಿದ್ದರೆ ಮೈಸೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ. ಶಾಲಿನ ದುಡ್ಡು ಬಸ್ಸಿಗೆ ಆಗುತ್ತೆ.