ಆಪ್ತ ಸಲಹೆ: ಅವ್ವನ ಹಳೆಯ ಲಗ್ನಪತ್ರಿಕೆ ಸಿಕ್ಕಿದೆ, ಕೇಳಲೇ, ಸುಮ್ಮನಿರಲೇ?

ಪ್ರಶ್ನೆ: ನನಗೆ ಹದಿನೇಳು ವರ್ಷ. ದ್ವಿತೀಯ ಪಿಯುಸಿ ಮುಗಿಸಿ, ಸಿಇಟಿ ಬರೆದು, ರಜೆಗೆಂದು ಸಿಂಧನೂರು ತಾಲ್ಲೂಕಿನ ಅಜ್ಜಿಯ ಊರಿಗೆ ಹೋಗಿದ್ದೆ. ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯ 371 (ಜೆ) ಪ್ರಮಾಣಪತ್ರಕ್ಕಾಗಿ ಅವ್ವನ ಶಾಲೆಯ ಕಾಗದ ಬೇಕಿತ್ತು. ಅದು ಅಜ್ಜಿಯ ಟ್ರಂಕಿನಲ್ಲಿದೆ, ಮಾವನ ಕೈಲಿ ತೆಗೆಸು ಎಂದು ಅವ್ವ ಹೇಳಿದ್ದಳು. ಮಾವ ಭತ್ತದ ಕಟಾವಿಗೆ ಹೋಗಿದ್ದರಿಂದ ನಾನೇ ತೆಗೆದೆ. ಟಿ.ಸಿ.ಯ ಕೆಳಗೆ ಒಂದು ಲಗ್ನಪತ್ರಿಕೆ ಇತ್ತು. ಅದರಲ್ಲಿ ವಧು ನಮ್ಮ ಅವ್ವ, ವರ ನಮ್ಮ ಅಪ್ಪನಲ್ಲ. ಅದೇ ರಜೆಯಲ್ಲಿ ಎದುರುಮನೆಯ ಹುಡುಗನ ಪರಿಚಯವಾಯಿತು. ಅವನಿಗೆ ಇಪ್ಪತ್ತು ವರ್ಷ, ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಾನೆ, ನಮ್ಮ ಜಾತಿಯವನಲ್ಲ. ಇಬ್ಬರೂ ಪ್ರೀತಿಸುತ್ತೇವೆ. ಅತ್ತೆ ಅವ್ವನಿಗೆ ಚಾಡಿ ಹೇಳಿದಳು. ಅವ್ವ ಮರುದಿನವೇ ಸಿರುಗುಪ್ಪ ದಾರಿಯ ಬಸ್ಸು ಹತ್ತಿ ಬಂದು, ಅಂಗಳದಲ್ಲಿ ಎಲ್ಲರೆದುರು ಹೊಡೆದು, ಫೋನ್ ಕಸಿದುಕೊಂಡು ನನ್ನನ್ನು ಬಳ್ಳಾರಿಗೆ ಕರೆತಂದಳು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಕೃಷಿ ಓದಬೇಕೆಂದಿದ್ದೆ, ಈಗ ಬಳ್ಳಾರಿ ಬಿಟ್ಟು ಎಲ್ಲಿಗೂ ಕಳಿಸುವುದಿಲ್ಲ ಎನ್ನುತ್ತಾಳೆ. ಜಗಳವಾಡುವಾಗ ‘ನಿಂದೂ ನನಗ ಗೊತ್ತೈತಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನಿಗೆ ಇದು ಗೊತ್ತೇ? ನಾನು ಅವ್ವನನ್ನು ಕೇಳಬಹುದೇ? ನಾನು ಪ್ರೀತಿಸಿದ್ದು ತಪ್ಪೇ?
ಹೆಸರು ಬೇಡ, ಬಳ್ಳಾರಿ
(ದೀರ್ಘ ಪತ್ರವನ್ನು ಇಲ್ಲಿ ಸಂಕ್ಷೇಪಿಸಲಾಗಿದೆ)

ಉತ್ತರ: ಮಗಳೇ, ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆಯಲ್ಲ, ಅದಕ್ಕಾಗಿ ಮೊದಲು ನಿನ್ನನ್ನು ಮೆಚ್ಚಿಕೊಳ್ಳುತ್ತೇನೆ. ನಿನ್ನ ಪತ್ರದ ಬಹುಪಾಲನ್ನು ಆ ಏಟು, ಆ ಫೋನು ಮತ್ತು ಆ ಹುಡುಗ ತುಂಬಿಕೊಂಡಿದ್ದಾರೆ, ಲಗ್ನಪತ್ರಿಕೆಗೆ ಸಿಕ್ಕಿರುವುದು ಅರ್ಧ ಪುಟ ಮಾತ್ರ. ಆದರೂ ನಾನು ಆ ಅರ್ಧ ಪುಟದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ನೀನು ಹೇಗೆ ಓದಿಕೊಳ್ಳುತ್ತೀಯೋ ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಟಿ.ಸಿ.ಯಲ್ಲಿ ಇರುವುದನ್ನು ನೀನೇ ನಕಲು ಮಾಡಿ ಕಳಿಸಿದ್ದೀಯೆ: ಒಂಬತ್ತನೇ ತರಗತಿ ತೇರ್ಗಡೆ, ಶಾಲೆ ಬಿಟ್ಟದ್ದು 2000ದ ಮೇ ತಿಂಗಳು, ಬಿಟ್ಟ ಕಾರಣದ ಮುಂದೆ ‘ಪಾಲಕರ ಕೋರಿಕೆ’. ಲಗ್ನಪತ್ರಿಕೆಯ ಮುಹೂರ್ತವೂ ಅದೇ ತಿಂಗಳಿನದು. ಜನ್ಮದಿನಾಂಕದ ಜೊತೆ ಇಟ್ಟು ನೋಡಿದರೆ ಆ ದಿನ ನಿನ್ನ ಅವ್ವನಿಗೆ ಹದಿನಾಲ್ಕು ತುಂಬಿತ್ತು, ಹದಿನೈದು ಆಗಿರಲಿಲ್ಲ. ಹುಡುಗಿಗೆ ಹದಿನೆಂಟಾಗದೆ ಮದುವೆ ಮಾಡಬಾರದೆಂಬ ಕಾನೂನು ಆಗಲೂ ಇತ್ತು. 1929ರ ಬಾಲ್ಯವಿವಾಹ ನಿರ್ಬಂಧ ಕಾಯ್ದೆಗೆ 1978ರಲ್ಲಿ ತಿದ್ದುಪಡಿಯಾಗಿ ಆ ವಯಸ್ಸು ನಿಗದಿಯಾಗಿತ್ತು. ಕಾನೂನು ತನ್ನ ಪಾಡಿಗೆ ಇತ್ತು, ನಮ್ಮ ಕಡೆಯ ಊರುಗಳಲ್ಲಿ ಲಗ್ನಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು. ಆದ್ದರಿಂದ ಆ ಕಾಗದದಲ್ಲಿ ನಿನ್ನ ಅವ್ವ ಕದ್ದುಮುಚ್ಚಿ ಮಾಡಿದ ಯಾವ ಕೆಲಸವೂ ಇಲ್ಲ. ಹೈಸ್ಕೂಲಿನ ಒಂದು ಹುಡುಗಿಯ ಓದನ್ನು ಬಿಡಿಸಿ ಹಿರಿಯರು ನಿಶ್ಚಯಿಸಿದ ಮದುವೆಯ ದಾಖಲೆ ಅದು. ‘ನಿಂದೂ ನನಗ ಗೊತ್ತೈತಿ’ ಎಂದು ನೀನು ಅಂದಿದ್ದರೆ, ಅವಳ ಮೇಲೆ ಹೇರಿದ್ದನ್ನೇ ಅವಳ ತಪ್ಪೆಂದು ಮಗಳ ಬಾಯಿಂದ ಅವಳು ಕೇಳಬೇಕಾಗುತ್ತಿತ್ತು.

ಇನ್ನೊಂದು ಎಚ್ಚರಿಕೆ. ಮದುವೆ ನಿಶ್ಚಯವಾಗಿತ್ತು ಎಂಬುದಕ್ಕಿಂತ ಹೆಚ್ಚಿನದನ್ನು ಆ ಪತ್ರಿಕೆ ಹೇಳುವುದಿಲ್ಲ. ಆತ ತೀರಿಕೊಂಡನೋ, ಇವಳು ತವರಿಗೆ ಮರಳಿದಳೋ, ಹಿರಿಯರು ಕೂತು ಬಿಡಿಸಿದರೋ, ನಿನಗೂ ತಿಳಿಯದು, ನನಗೂ ತಿಳಿಯದು. ‘ಆಕಿನೂ ಯಾರನ್ನೋ ಬಿಟ್ಟು ಬಂದಾಕಿ’ ಎಂದು ನೀನು ಬರೆದಿರುವ ಸಾಲು ನಿನ್ನ ಊಹೆ, ಅದನ್ನು ಊಹೆಯೆಂದೇ ಇಟ್ಟುಕೋ.

ಅಪ್ಪನ ಬಗ್ಗೆ ಕೇಳಿದ್ದೀಯೆ. ಹೆಣ್ಣಿನ ಮೊದಲ ಮದುವೆಯನ್ನು ಅಡಗಿಸಿ ಎರಡನೆಯದನ್ನು ನಡೆಸುವುದು ಅದೇ ಸೀಮೆಯ ಅದೇ ಬಳಗದಲ್ಲಿ ಬಹಳ ಕಷ್ಟದ ಕೆಲಸ. ಉಡಿಕೆ ಎಂದೋ ಕೂಡಿಕೆ ಎಂದೋ ಕರೆದು ಅಂಥ ಮದುವೆಗಳನ್ನು ಮಾಡುವ ಪದ್ಧತಿ ನಮ್ಮ ಭಾಗದ ಹಲವು ಸಮುದಾಯಗಳಲ್ಲಿ ಹಿಂದಿನಿಂದಲೂ ಇದೆ. ಆದ್ದರಿಂದ ಅಪ್ಪನಿಗೆ ಗೊತ್ತಿರುವ ಸಾಧ್ಯತೆಯೇ ಹೆಚ್ಚೆಂದು ನನಗೆ ಅನ್ನಿಸುತ್ತದೆ. ಆದರೆ ಅದನ್ನು ಖಚಿತಪಡಿಸಿಕೊಳ್ಳಲು ನೀನು ಅವರನ್ನು ಕೇಳಬೇಡ, ಅದು ಅವರಿಬ್ಬರ ನಡುವಿನ ವಿಷಯ. ಹಾಗಾದರೆ ತಾನು ಯಾವ ಲೆಕ್ಕದ ಮಗಳು ಎಂಬ ಭಯವನ್ನು ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಹೊಡೆದುಹಾಕಿದ್ದೀಯೆ. ಅದಕ್ಕೂ ಉತ್ತರ ಹೇಳಿಬಿಡುತ್ತೇನೆ. ರೂಢಿಯ ಪ್ರಕಾರ ಹಿರಿಯರ ಸಮ್ಮುಖದಲ್ಲಿ ಆಗುವ ವಿಚ್ಛೇದನವನ್ನು 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಮಾನ್ಯ ಮಾಡುತ್ತದೆ. ಒಂದು ವೇಳೆ ಮದುವೆಯಲ್ಲಿ ಏನಾದರೂ ಕಾನೂನಿನ ದೋಷವಿದ್ದರೂ ಹುಟ್ಟಿದ ಮಕ್ಕಳು ಔರಸ, ಅಂದರೆ ಕಾನೂನುಬದ್ಧ ಮಕ್ಕಳೇ ಎಂದು ಅದೇ ಕಾಯ್ದೆಯ 16ನೇ ಕಲಮು ಹೇಳುತ್ತದೆ. ನೀನು ನಿನ್ನ ಅಪ್ಪನ ಮಗಳು, ಆ ಚಿಂತೆಯನ್ನು ಇಲ್ಲಿಗೇ ಬಿಡು.

ಈಗ ನಿನ್ನ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದ ಜಾಗಕ್ಕೆ ಬರುತ್ತೇನೆ. ಎರಡನೆಯ ಪುಟದಲ್ಲಿ ಈ ವಿಷಯವನ್ನು ಯಾರಿಗೂ ಹೇಳಿಲ್ಲ ಎಂದಿದ್ದೀಯೆ. ನಾಲ್ಕನೆಯ ಪುಟದಲ್ಲಿ, ಕಾಲುವೆಯ ದಂಡೆಯ ಮೇಲೆ ಕೂತು ಲಗ್ನಪತ್ರಿಕೆಯ ಮಾತೆತ್ತಿ ಅತ್ತಾಗ ಆ ಹುಡುಗ ಸಮಾಧಾನ ಮಾಡಿದನೆಂದು ಬರೆದಿದ್ದೀಯೆ. ಅಂದರೆ ನಿನ್ನ ಅವ್ವ ಇಪ್ಪತ್ತೈದು ವರ್ಷ ಬಾಯಿಗೆ ತಾರದೆ ಇಟ್ಟುಕೊಂಡ ಸಂಗತಿ ಈಗ ಎದುರುಮನೆಯ ಹುಡುಗನಿಗೆ ಗೊತ್ತಿದೆ. ಅವನು ಎಷ್ಟೇ ಒಳ್ಳೆಯವನಿರಲಿ, ಅದು ಅವನ ಮನೆಯ ಕಟ್ಟೆಯಿಂದ ನಿನ್ನ ಅತ್ತೆಯ ಕಿವಿಗೆ ತಲುಪಲು ಓಣಿ ದಾಟಿದರೆ ಸಾಕು, ನಿನ್ನ ಅತ್ತೆ ಎಂಥವಳೆಂದು ನೀನೇ ಅನುಭವಿಸಿದ್ದೀಯೆ. ಹೀಗಾಗಿ ಕೇಳಬಹುದೇ ಎಂಬ ನಿನ್ನ ಪ್ರಶ್ನೆಗೆ, ಕೇಳಲೇಬೇಕು, ಬೇಗ ಕೇಳಬೇಕು ಎಂಬುದೇ ನನ್ನ ಉತ್ತರ. ಇಲ್ಲದಿದ್ದರೆ ಅವಳಿಗೆ ಇದು ಬೇರೆಯವರ ಬಾಯಿಂದ ಮುಟ್ಟುತ್ತದೆ.

ಕೇಳುವ ಹೊತ್ತನ್ನು ಆರಿಸಿಕೋ. ಅವಳು ಕೌಲ್ ಬಜಾರಿನಿಂದ ಕಟಿಂಗ್ ಮಾಡಿದ ಜೀನ್ಸ್ ತುಂಡುಗಳನ್ನು ತಂದು ಮನೆಯಲ್ಲೇ ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾಳೆ, ಮಧ್ಯಾಹ್ನ ಕರೆಂಟು ಹೋದಾಗ ಮಾತ್ರ ಮಷಿನ್ ಬಿಟ್ಟು ಏಳುತ್ತಾಳೆ ಎಂದು ಬರೆದಿದ್ದೀಯೆ. ಅಪ್ಪ ಕೆಲಸಕ್ಕೆ ಹೋಗಿರುವ, ನಿನ್ನ ತಮ್ಮನೂ ಮನೆಯಲ್ಲಿಲ್ಲದ ಅಂಥ ಒಂದು ಮಧ್ಯಾಹ್ನ, ಅವಳ ಪಕ್ಕದಲ್ಲಿ ಕೂತು, ತುಂಡು ದಾರಗಳನ್ನು ಕತ್ತರಿಸಿಕೊಡುತ್ತ ಹೇಳು. ಕಣ್ಣಿಗೆ ಕಣ್ಣಿಟ್ಟು ಮಾತನಾಡಬೇಕಿಲ್ಲ, ಕೈಗೆ ಕೆಲಸವಿದ್ದಾಗ ಇಂಥ ಮಾತು ಸುಲಭ. ಭಾಷಣ ಬೇಡ, ಮನೆಯ ಮಾತೇ ಇರಲಿ: ‘ಅವ್ವಾ, ನಿನ್ನ ಟಿ.ಸಿ. ತೆಗಿಯೋ ಮುಂದ ಆ ಲಗ್ನಪತ್ರಿಕಿನೂ ಕಣ್ಣಿಗೆ ಬಿತ್ತು. ನಿನಗ ಹೇಳಬೇಕು ಅನಿಸಿದ್ರ ಹೇಳು, ಇಲ್ಲಂದ್ರ ಬ್ಯಾಡ. ಅಳು ತಡಿಲಾರ್ದ ಅವನ ಮುಂದ ಒಂದ್ಸಲ ಅಂದುಬಿಟ್ಟೀನಿ, ಅದು ನನ್ನ ತಪ್ಪು.’ ಕೊನೆಯ ವಾಕ್ಯವನ್ನು ನುಂಗಬೇಡ. ಅದಕ್ಕೆ ಬೈಗುಳ ಬಿದ್ದೇ ಬೀಳುತ್ತದೆ, ಬೈಸಿಕೋ. ಅವಳು ಎದ್ದು ಹೋದರೆ ಹಿಂದೆ ಹೋಗಬೇಡ. ಅದೇ ದಿನ ಹೇಳದವಳು ವಾರ ಕಳೆದು ರೊಟ್ಟಿ ಬಡಿಯುತ್ತ ತಾನಾಗಿಯೇ ಹೇಳಬಹುದು, ಎಂದೂ ಹೇಳದೆಯೂ ಇರಬಹುದು. ಮತ್ತೆ ಮತ್ತೆ ಕೆದಕುವ ಅಧಿಕಾರ ಮಗಳಿಗೂ ಇಲ್ಲ. ಮುಖ್ಯವಾಗಿ, ಆ ಮಾತಿನ ಬೆನ್ನಿಗೇ ‘ಹಾಂಗಾರ ನನ್ನ ಫೋನ್ ಕೊಡು’ ಎಂದೋ ‘ರಾಯಚೂರಿಗೆ ಕಳಿಸು’ ಎಂದೋ ಸೇರಿಸಬೇಡ. ಸೇರಿಸಿದರೆ ಅದು ವ್ಯಾಪಾರವಾಗುತ್ತದೆ.

ಆ ಏಟಿನ ಬಗ್ಗೆ. ಪ್ರಾಯಕ್ಕೆ ಬಂದ ಮಗಳನ್ನು ಅಂಗಳದಲ್ಲಿ ನಾಲ್ಕು ಜನರ ಮುಂದೆ ಹೊಡೆದದ್ದು ತಪ್ಪು, ಅವಳ ಹಿಂದಿನ ಕಥೆ ಏನೇ ಇದ್ದರೂ ತಪ್ಪೇ. ನಿನ್ನ ಅವಮಾನವನ್ನು ನಾನು ಹಗುರ ಮಾಡುವುದಿಲ್ಲ. ಆದರೂ ಆ ಅಂಗಳ ಯಾವುದೆಂದು ಯೋಚಿಸು. ಅವಳ ಶಾಲೆ ಬಿಡಿಸಿದ ಮನೆಯದು. ಒಂದು ಬೇಸಿಗೆಯಲ್ಲಿ ಅವಳ ಪುಸ್ತಕ ಅಲ್ಲಿಯೇ ಮುಚ್ಚಿತ್ತು, ಇನ್ನೊಂದು ಬೇಸಿಗೆಯಲ್ಲಿ ಮಗಳ ಹೆಸರು ಅಲ್ಲಿಯೇ ಓಣಿಯ ಬಾಯಿಗೆ ಬಿತ್ತೆಂಬ ಸುದ್ದಿ ಬಂತು. ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಏನು ಓಡಿರಬಹುದೆಂದು ಊಹಿಸಬಲ್ಲೆ. ನಿನ್ನ ಟ್ಯೂಷನ್ ಫೀ, ಸಿಇಟಿ ಅರ್ಜಿ, ಎಲ್ಲವನ್ನೂ ಆ ಮಷಿನ್ನಿನ ದುಡ್ಡಿನಲ್ಲಿ ಕಟ್ಟಿದವಳು ನಿನ್ನ ಓದಿನ ವೈರಿಯಲ್ಲ. ತನ್ನ ಓದು ನಿಂತ ದಿನಾಂಕವಿರುವ ಕಾಗದವನ್ನೇ ಅವಳು ನಿನ್ನ ಸೀಟಿಗಾಗಿ ಹುಡುಕಿಸಿದಳು ಎಂಬುದನ್ನು ನೀನು ಗಮನಿಸಿದ ಹಾಗಿಲ್ಲ. ‘ಮಾವನ ಕೈಲಿ ತೆಗೆಸು’ ಎಂದದ್ದು ಏಕೆ ಎಂಬುದೂ ಈಗ ನಿನಗೆ ಅರ್ಥವಾಗಿರಬೇಕು.

ಅಜ್ಜಿಯ ಮೇಲೆ ನಿನಗೆ ಬಂದಿರುವ ಸಿಟ್ಟು ಸಹಜ. ಹೋಳಿಗೆ ಮಾಡಿ ಬಾಯಿಗಿಡುವ ಕೈಯೇ ಆ ಮದುವೆಯನ್ನೂ ಮಾಡಿತಲ್ಲ ಎಂದು ಕೇಳಿದ್ದೀಯೆ. ಹೌದು, ಅದೇ ಕೈ. ಎರಡೂ ನಿಜ. ಆದರೆ ಆ ಲೆಕ್ಕವನ್ನು ಚುಕ್ತಾ ಮಾಡುವವಳು ನಿನ್ನ ಅವ್ವ, ನೀನು ಅವಳ ಪರವಾಗಿ ಜಗಳಕ್ಕಿಳಿಯಬೇಡ.

ಇನ್ನು ಆ ಹುಡುಗ. ಹದಿನೇಳರಲ್ಲಿ ಒಬ್ಬನನ್ನು ಇಷ್ಟಪಡುವುದು ತಪ್ಪಲ್ಲ. ಜಾತಿಯ ಮಾತನ್ನು ಅತ್ತೆ ದೊಡ್ಡದು ಮಾಡಿದ್ದಾಳೆ, ನಾನು ಮಾಡುವುದಿಲ್ಲ. ಇವತ್ತಿನ ಪ್ರಶ್ನೆ ವಯಸ್ಸಿನದು. ಹದಿನೆಂಟು ತುಂಬುವ ಬರುವ ಕಾರ್ತಿಕದವರೆಗೆ ನೀನು ಕಾನೂನಿನ ಕಣ್ಣಿನಲ್ಲಿ ಮಗು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಹದಿನೆಂಟರ ಒಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ದೈಹಿಕ ಸಂಬಂಧಕ್ಕೆ ನೀನು ಮನಸಾರೆ ಒಪ್ಪಿದ್ದರೂ ಇಪ್ಪತ್ತರ ಅವನು ಆರೋಪಿಯಾಗುತ್ತಾನೆ. ನಿನ್ನನ್ನು ಮನೆಯಿಂದ ಕರೆದುಕೊಂಡು ಹೋದರೆ ಅದು ಪಾಲಕರ ವಶದಿಂದ ಅಪಹರಣ, ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯಿದೆ. ಅವನಿಗೂ ಇಪ್ಪತ್ತೊಂದು ತುಂಬದೆ ಮದುವೆಯ ಮಾತಿಲ್ಲ. ‘ಗೆಳತಿಯ ಫೋನಿನಿಂದ ಮಾತನಾಡು, ಬಳ್ಳಾರಿ ಬಸ್ ನಿಲ್ದಾಣಕ್ಕೆ ಬರುತ್ತೇನೆ’ ಎಂದು ಅವನು ಹೇಳಿ ಕಳಿಸಿದ್ದಾನಂತೆ. ಬೇಡವೆಂದು ತಿಳಿಸು, ಅವ್ವನ ವಿಷಯ ಯಾರ ಮುಂದೆಯೂ ಎತ್ತಕೂಡದೆಂದೂ ತಿಳಿಸು. ‘ನಿನ್ನ ಪರೀಕ್ಷೆ ಮುಗಿಸು, ನಾನು ನನ್ನ ಸೀಟು ನೋಡಿಕೊಳ್ಳುತ್ತೇನೆ’ ಎಂಬ ನಿನ್ನ ಮಾತನ್ನು ಅವನು ಹೇಗೆ ಸ್ವೀಕರಿಸುತ್ತಾನೆ ಎಂಬುದರಿಂದ ಅವನ ಸ್ವಭಾವ ನಿನಗೆ ಚೆನ್ನಾಗಿ ತಿಳಿಯುತ್ತದೆ. ಅದಕ್ಕೂ ಮುನಿಸಿಕೊಂಡರೆ, ಕೈ ಕೊಯ್ದುಕೊಳ್ಳುತ್ತೇನೆ ಎಂದು ಹೆದರಿಸಿದರೆ, ಅಲ್ಲಿಗೆ ನಿಲ್ಲಿಸು.

ಕೃಷಿ ಸೀಟಿನ ಪ್ರಶ್ನೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ, ನೀನೋ ಅದನ್ನು ಕೊನೆಗೆ ಇಟ್ಟಿದ್ದೀಯೆ. ಅವ್ವನ ಅನುಮಾನ ಸ್ಪಷ್ಟವಾಗಿದೆ: ರಾಯಚೂರೆಂದರೆ ಕಾಲೇಜೋ ಹುಡುಗನೋ? ನೀನು ಈ ಆಸೆಯನ್ನು ಪಿಯುಸಿಯ ಮೊದಲ ವರ್ಷದಿಂದ ಹೇಳುತ್ತ ಬಂದಿದ್ದರೆ ಅವಳಿಗೆ ಅದನ್ನು ನೆನಪಿಸು. ಅದೇ ವಿಶ್ವವಿದ್ಯಾಲಯದ ಕೃಷಿ ಕಾಲೇಜುಗಳು ಕಲಬುರಗಿಯಲ್ಲಿಯೂ ಭೀಮರಾಯನಗುಡಿಯಲ್ಲಿಯೂ ಇವೆ. ಪರೀಕ್ಷಾ ಪ್ರಾಧಿಕಾರಕ್ಕೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಅವನ್ನೂ ಮನಃಪೂರ್ವಕವಾಗಿ ತುಂಬಬಲ್ಲೆಯಾ ಎಂದು ನಿನ್ನನ್ನು ನೀನೇ ಕೇಳಿಕೋ. ಬಲ್ಲೆಯಾದರೆ ಪಟ್ಟಿಯನ್ನು ಅವ್ವನ ಮುಂದೆ ಕೂತೇ ತುಂಬು. ಹಾಸ್ಟೆಲಿಗೆ ಮೊದಲ ದಿನ ಅವಳೇ ಬಂದು ಬಿಡಲಿ, ವಾರ್ಡನ್ ನಂಬರ್ ಅವಳ ಹತ್ತಿರವೇ ಇರಲಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಮೀಸಲಾತಿ ಇರುವಾಗ ಈ ಅವಕಾಶವನ್ನು ಸಿಟ್ಟಿಗೆ ಬಲಿಕೊಡುವುದು ಇಬ್ಬರಿಗೂ ನಷ್ಟ. ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರಕ್ಕೆ ದಿನ ಹಿಡಿಯುತ್ತದೆ, ಜಗಳ ಮುಗಿಯಲೆಂದು ಕಾಯದೆ ಈ ವಾರವೇ ಅರ್ಜಿ ಹಾಕು.

ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದಿದ್ದೀಯೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಾವನ ಮಗನಿಗೇ ಕೊಟ್ಟುಬಿಡೋಣ ಎಂದು ಅತ್ತೆ ನಗುತ್ತ ಅಂದ ಮಾತನ್ನು ನಾನು ತಮಾಷೆಯೆಂದು ಬಿಡಲಾರೆ. ಅದು ಮುಂದುವರಿಯುವ ಸೂಚನೆ ಕಂಡರೆ ಮೊದಲು ಅವ್ವನಿಗೆ ಹೇಳು. ಈ ಒಂದು ವಿಷಯದಲ್ಲಿ ಅವಳು ನಿನ್ನ ಪರ ನಿಲ್ಲುವಳೆಂದು ನನ್ನ ಅಂದಾಜು. ಅವಳಿಂದಲೂ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು, ಕರೆ ಮಾಡಿದವರ ಹೆಸರನ್ನು ಅವರು ಗುಟ್ಟಾಗಿ ಇಡುತ್ತಾರೆ.